ಹಿಂದಿನ ಬೆಂಚಿಗೆ ಕೇಳಿಸಿದ್ದು

ಕಾನೂನು ಪದವಿ ಮುಗಿಸಿ, ವಕೀಲರಾಗಿದ್ದ ಅಪ್ಪನ ಕೈಕೆಳಗೆ ಎರಡು ವರ್ಷ ಜೂನಿಯರ್ ಆಗಿ ದುಡಿದ ಮಗಳು, ತನಗೆ ಎಲ್‌ಎಲ್‌ಎಂ ಸೀಟು ಸಿಕ್ಕಿದ ವಿಷಯ ಹೇಳಲು ಭಾನುವಾರದ ಮಧ್ಯಾಹ್ನದ ಊಟದ ಹೊತ್ತನ್ನೇ ಆರಿಸಿಕೊಂಡಳು. ಆ ಮನೆಯ ನಾಲ್ವರೂ ಒಟ್ಟಿಗೆ ಕೂತು ಉಣ್ಣುತ್ತಿದ್ದುದು ವಾರಕ್ಕೆ ಅದೊಂದೇ ಹೊತ್ತು. ಉಳಿದ ದಿನಗಳಲ್ಲಿ ಅಮ್ಮನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಪಾಳಿ, ಅಪ್ಪನಿಗೆ ಕೋರ್ಟು, ಅಪ್ಪನ ತಾಯಿಯಾದ ಅಜ್ಜಿಗೆ ಹಸಿವಾದಾಗ ಊಟ.

"ಅಪ್ಪ, ನಂಗೆ ಸೀಟು ಸಿಕ್ಕಿದೆ. ಸಂಶೋಧನೆ ಮಾಡೋ ಎಲ್‌ಎಲ್‌ಎಂ. ಮುಂದಿನ ತಿಂಗಳು ಕ್ಲಾಸು ಶುರು."

ವಕೀಲರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ ತಲೆಯೆತ್ತಿದರು. "ಯಾವ ಕೇಸು?"

"ಕೇಸಲ್ಲ ಕಣೋ, ಕ್ಲಾಸು," ಎಂದಳು ಅಜ್ಜಿ. "ಹುಡುಗಿ ಇನ್ನೂ ಓದ್ತಾಳಂತೆ."

ಅಮ್ಮ ತರಕಾರಿಯ ಪಾತ್ರೆಯನ್ನು ಗಂಡನ ಕಡೆ ಸರಿಸಿದಳು. ಅವಳಿಗೆ ವಿಷಯ ಮೊದಲೇ ಗೊತ್ತಿತ್ತು.

"ಕಾನೂನಲ್ಲಿ ಸಂಶೋಧನೆ ಮಾಡೋಕೆ ಏನಿದೆ?" ಎಂದು ಕೇಳಿದರು ವಕೀಲರು. "ಅದೇನು ಔಷಧೀನಾ, ಹೊಸದಾಗಿ ಕಂಡುಹಿಡಿಯೋಕೆ? ಎಲ್ಲಾ ಬರೆದಿಟ್ಟಿದ್ದಾರೆ. ಓದ್ಕೊಂಡು ವಾದ ಮಾಡಿದ್ರಾಯ್ತು."

"ಒಂದೇ ಒಂದು ಪಾಯಿಂಟು ಅಪ್ಪ..."

ಮಾತು ಕಲಿತಾಗಿನಿಂದ ಅವಳ ವಾದವೆಲ್ಲ ಹೀಗೇ ಶುರುವಾಗುತ್ತಿತ್ತು. ಅದಕ್ಕೇ ಮನೆಯಲ್ಲಿ ಅವಳಿಗೆ ಪಾಯಿಂಟಮ್ಮ ಎಂದು ಹೆಸರು ಬಿದ್ದಿತ್ತು.

"ನಿನ್ನ ಒಂದು ಪಾಯಿಂಟು ಯಾವತ್ತು ಒಂದಕ್ಕೇ ನಿಂತಿದೆ? ಸರಿ, ನೀನು ಅಲ್ಲಿಗೆ ಹೋದ್ರೆ ಕೋರ್ಟಲ್ಲಿ ನನ್ನ ಪಕ್ಕ ನಿಲ್ಲೋರು ಯಾರು?"

"ಗುಮಾಸ್ತರು ಇದ್ದಾರಲ್ಲ."

"ಗುಮಾಸ್ತ ಹೊರಗಿನ ಕೆಲಸಕ್ಕೆ. ಒಳಗೆ ಪಕ್ಕದಲ್ಲಿ ಒಬ್ಬರು ಬೇಕು."

"ನಾನು ಬರೋಕೆ ಮುಂಚೆ ಇಷ್ಟು ವರ್ಷ ಒಬ್ರೇ ನಿಂತ್ರಲ್ಲ ಅಪ್ಪ? ಆಗ ಬೇಡದಿದ್ದದ್ದು ಈಗ ಯಾಕೆ?"

ವಕೀಲರು ಅರ್ಧ ಊಟಕ್ಕೇ ಕೈ ತೊಳೆದು, ಮನೆಯ ಮುಂದಿನ ಕೋಣೆಯಲ್ಲಿದ್ದ ತಮ್ಮ ಆಫೀಸಿಗೆ ಹೋಗಿ ಫೈಲು ಬಿಚ್ಚಿಕೊಂಡು ಕೂತರು. ಅಜ್ಜಿ ಮಗನ ತಟ್ಟೆ ನೋಡಿ, "ಬೀನ್ಸು ಅಂದ್ರೆ ಪ್ರಾಣ ಬಿಡೋನು ಇವತ್ತು ಬೀನ್ಸೇ ಬಿಟ್ಟುಹೋದ," ಎಂದಳು.

ಅಮ್ಮ ಪಾತ್ರೆ ಎತ್ತುತ್ತ ತನ್ನ ಕರಾರು ಹೇಳಿದಳು. "ಓದು, ನಾನು ಬೇಡ ಅನ್ನಲ್ಲ. ಆದ್ರೆ ಬೆಳಗಿನ ಅಡುಗೆ ನಿಂದು, ಬಟ್ಟೆ ನಿಂದು. ಸಂಶೋಧನೆ ಅಂತ ನೀನು ಪುಸ್ತಕ ಹಿಡ್ಕೊಂಡು ಕೂತ್ರೆ ಪಾತ್ರೆ ತಾವಾಗೇ ತೊಳ್ಕೊಳಲ್ಲ."

ಕ್ಲಾಸು ಶುರುವಾಯಿತು. ಮಗಳು ಬೆಳಿಗ್ಗೆ ಬೇಗ ಎದ್ದು ಅನ್ನಕ್ಕಿಟ್ಟು, ತರಕಾರಿ ಹೆಚ್ಚಿ, ಬಟ್ಟೆ ಒಣಹಾಕಿ ಬಸ್ಸು ಹಿಡಿಯುತ್ತಿದ್ದಳು. ಅವಳಿಗೆ ಸಿಕ್ಕ ಮಾರ್ಗದರ್ಶಕಿ ತೆಳ್ಳಗಿನ, ನಗದ ಹೆಂಗಸು. ವಿಭಾಗದವರೆಲ್ಲ ಆಕೆಯನ್ನು ಬರೀ ಮೇಡಂ ಎನ್ನುತ್ತಿದ್ದರು. ಮಗಳು ಬಹಳ ಉತ್ಸಾಹದಿಂದ 'ನ್ಯಾಯದ ಪರಿಕಲ್ಪನೆ' ಎಂಬ ವಿಷಯ ಬರೆದುಕೊಂಡು ಹೋದಳು. ಮೇಡಂ ಓದಿ ಹಾಳೆಯನ್ನು ಮೇಜಿನ ಮೇಲೆ ಮಗುಚಿಟ್ಟರು.

"ಇದಕ್ಕೆ ನಿಮ್ಮ ಆಯಸ್ಸು ಸಾಲಲ್ಲ, ನಂದಂತೂ ಸಾಲೋದೇ ಇಲ್ಲ. ಎರಡು ವರ್ಷ ಕೋರ್ಟಲ್ಲಿ ಇದ್ರಲ್ಲ, ಅಲ್ಲಿ ನಿಮ್ಮ ಮನಸ್ಸಿಗೆ ಕಿರಿಕಿರಿ ಮಾಡಿದ್ದು ಏನು? ಅದನ್ನ ಹೇಳಿ."

ಮಗಳು ಸ್ವಲ್ಪ ಯೋಚಿಸಿದಳು. "ಕೇಸು ನಡೆಸೋ ಜನ ಹೊರಗೆ ಬಂದ ತಕ್ಷಣ ವಕೀಲರನ್ನ ಕೇಳ್ತಾರೆ ಮೇಡಂ, ಏನಾಯ್ತು ಅಂತ. ಅವರೂ ಒಳಗೇ ಇರ್ತಾರೆ. ಅವರ ಎದುರೇ ಎಲ್ಲಾ ನಡೆದಿರುತ್ತೆ. ಆದ್ರೂ ಏನಾಯ್ತು ಅಂತ ಗೊತ್ತಿರಲ್ಲ."

"ಇದನ್ನ ಮೊದಲೇ ಹೇಳೋದಲ್ವಾ? ಹೋಗಿ ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ. ಹೊರಗೆ ಬಂದವರನ್ನ, ಅವರು ಒಪ್ಪಿದ್ರೆ ಮಾತ್ರ, ಕೇಳಿ. ಹಾಂ, ನಿಮ್ಮ ತಂದೆ ಅಲ್ಲೇ ವಕೀಲರಲ್ವಾ? ಅವರು ಕೇಸು ನಡೆಸದ ಕೋರ್ಟ್ ಹಾಲು ನೋಡ್ಕೊಳ್ಳಿ."

ಅಪ್ಪನ ಕೇಸುಗಳೆಲ್ಲ ಕೆಳಗಿನ ಮಹಡಿಯಲ್ಲಿ, ಹೆಚ್ಚಿನವು ಆಸ್ತಿ ಪಾಲಿನವು. ಮಗಳು ಮೇಲಿನ ಮಹಡಿಯ ಕೊನೆಯ ಹಾಲನ್ನು ಆರಿಸಿಕೊಂಡಳು. ಅಲ್ಲಿ ಬಾಡಿಗೆ ಮನೆ, ಬಾಡಿಗೆ ಅಂಗಡಿಗಳ ಜಗಳ ನಡೆಯುತ್ತಿತ್ತು. ನ್ಯಾಯಾಧೀಶರು ಒಳ್ಳೆಯವರೆಂದು ಹೆಸರಾದವರು, ಆದರೆ ತಮಗೆ ತಾವೇ ಹೇಳಿಕೊಳ್ಳುವವರಂತೆ ಮಾತಾಡುತ್ತಿದ್ದರು. ಅವರ ತಲೆಯ ಮೇಲಿನ ಹಳೆಯ ಫ್ಯಾನು ಆ ಮಾತಲ್ಲಿ ಅರ್ಧವನ್ನು ತಾನೇ ನುಂಗುತ್ತಿತ್ತು. ಹಿಂದಿನ ಬೆಂಚಿನವರಿಗೆ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಅಷ್ಟೇ.

ಹೊರಗಿನ ಓಣಿಯಲ್ಲಿ ಅವಳು ಜನರನ್ನು ನಿಲ್ಲಿಸಿ ಕೇಳುತ್ತಿದ್ದಳು, ಒಳಗೆ ಏನಾಯ್ತು ಅಂತ ನಿಮಗೆ ಗೊತ್ತಾಯ್ತಾ ಎಂದು. ಒಬ್ಬ ಮುದುಕ ಕೇಸು ಸೋತಿದ್ದ, ಆದರೆ ಗೆದ್ದೆನೆಂದುಕೊಂಡು ಎಲ್ಲರಿಗೂ ಬಾಳೆಹಣ್ಣು ಹಂಚುತ್ತಿದ್ದ. ಅವಳಿಗೂ ಒಂದು ಕೊಟ್ಟ. ಒಬ್ಬ ಹೆಂಗಸಿನ ಪರವಾಗಿ ಆದೇಶ ಬಂದಿತ್ತು, ಅವಳು ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು.

ಸಂಜೆ ಮನೆಗೆ ಬಂದು ಅಜ್ಜಿಯ ಜೊತೆ ಬೆಳ್ಳುಳ್ಳಿ ಬಿಡಿಸುತ್ತ ಇದನ್ನೆಲ್ಲ ಹೇಳುತ್ತಿದ್ದಳು.

"ಬಾಳೆಹಣ್ಣು ತಿಂದ್ಯಾ?" ಎಂದು ಕೇಳಿದಳು ಅಜ್ಜಿ.

"ಹೇಗೆ ತಿನ್ನಲಿ ಅಜ್ಜಿ? ಕೈಲಿ ಹಿಡ್ಕೊಂಡೇ ಬಸ್ಸು ಹತ್ತಿದೆ."

"ಅವನಿಗೆ ಹೇಳಿದ್ಯಾ, ಸೋತಿದೀಯಪ್ಪಾ ಅಂತ?"

"ಅವನ ವಕೀಲರನ್ನ ಹುಡುಕಿ ಕರ್ಕೊಂಡು ಬಂದೆ. ಅವರೇ ಹೇಳಿದ್ರು."

ಮುಂದಿನ ಕೋಣೆಯಿಂದ ವಕೀಲರು ಒಂದು ಸಲವೂ ತಲೆ ಹಾಕಲಿಲ್ಲ. ಗುಮಾಸ್ತರು ಮಾತ್ರ ಹೋಗುವಾಗ ಬಾಗಿಲಲ್ಲಿ ನಿಂತು, "ನೀವು ಬರದೆ ಸಾಹೇಬ್ರಿಗೆ ಬಹಳ ಕಷ್ಟ ಆಗಿದೆಯಮ್ಮ," ಎಂದು ಹೇಳಿದರು. ಯಾಕೆಂದು ಅವಳು ಕೇಳಿದಾಗ ಚಪ್ಪಲಿ ಹುಡುಕುವವರಂತೆ ಬಗ್ಗಿಬಿಟ್ಟರು.

ಒಂದು ದಿನ ಕೆಳಗಿನ ಹಾಲಿನಿಂದ ಕೆಲವು ಕೇಸುಗಳು ಮೇಲಿನ ಹಾಲಿಗೆ ವರ್ಗವಾದವು. ಮಗಳು ಹಿಂದಿನ ಬೆಂಚಿನಲ್ಲಿ ಕೂತಿದ್ದಾಗ, ಕರಿಕೋಟು ಸರಿಮಾಡಿಕೊಳ್ಳುತ್ತ ಅವಳ ಅಪ್ಪನೇ ಒಳಗೆ ಬಂದರು. ಜೊತೆಗಿದ್ದವಳು ಇಸ್ತ್ರಿ ಅಂಗಡಿಯಾಕೆ. ಅಂಗಡಿಯ ಮಾಲೀಕ ತನ್ನ ಮಗನ ವ್ಯಾಪಾರಕ್ಕೆ ಜಾಗ ಬೇಕೆಂದು ಆಕೆಯನ್ನು ಬಿಡಿಸಲು ಕೇಸು ಹಾಕಿದ್ದ. ಆವತ್ತು ಮಾಲೀಕನ ಸಾಕ್ಷಿ. ಅವನು ಹೇಳಬೇಕಾದ್ದು ಹೇಳಿ ಮುಗಿಸಿದ ಮೇಲೆ, ಆಕೆಯ ವಕೀಲರಾದ ಅಪ್ಪ ಅವನನ್ನು ಪ್ರಶ್ನಿಸುವ ಪಾಟೀಸವಾಲು. ಇಡೀ ಕೇಸು ನಿಂತಿದ್ದುದೇ ಆ ಪ್ರಶ್ನೆಗಳ ಮೇಲೆ. ಅದಕ್ಕಾಗಿ ಅಪ್ಪ ಭಾನುವಾರವೆಲ್ಲ ಕೂತು ತಯಾರಿ ಮಾಡಿದ್ದನ್ನು ಮಗಳು ಕಂಡಿದ್ದಳು.

ಮಾಲೀಕ ಹೇಳಿ ಮುಗಿಸಿದ. ನ್ಯಾಯಾಧೀಶರು ಬರೆಯುತ್ತಿದ್ದ ಕಡೆಯಿಂದ ಕಣ್ಣೆತ್ತದೆ ಏನೋ ಹೇಳಿದರು. ಆ ಹಾಲಿನಲ್ಲಿ ಎಷ್ಟೋ ದಿನ ಕೂತು ಅವರ ತುಟಿ ಓದುವುದು ಅಭ್ಯಾಸವಾಗಿದ್ದ ಮಗಳಿಗೆ ಮಾತು ಗೊತ್ತಾಯಿತು. "ಪಾಟೀಸವಾಲು ಇಲ್ಲ ಅಂತ ಬರ್ಕೊಳ್ಳಲಾ?"

ವಕೀಲರು ತಲೆಬಾಗಿಸಿ, "ಆಗಲಿ ಸ್ವಾಮಿ," ಎಂದರು. ಕಾಗದ ಮಡಚಿ ಫೈಲಿನೊಳಗಿಟ್ಟರು.

ಓಣಿಯಲ್ಲಿ ಅವರು ಇಸ್ತ್ರಿ ಅಂಗಡಿಯಾಕೆಗೆ ಗಂಭೀರವಾಗಿ ಏನೋ ಹೇಳಿ, ಕೆಳಗಿನ ಹಾಲಿನ ಇನ್ನೊಂದು ಕೇಸಿಗೆ ಇಳಿದುಹೋದರು. ಆಕೆ ನೇರವಾಗಿ ಮಗಳ ಹತ್ತಿರ ಬಂದಳು.

"ಎಲ್ಲರನ್ನೂ ಕೇಳ್ತೀರಿ, ನನ್ನನ್ನ ಯಾಕೆ ಕೇಳ್ಲಿಲ್ಲ?"

ಮಗಳಿಗೆ ಬೇರೆ ದಾರಿ ಇರಲಿಲ್ಲ. "ಒಳಗೆ ಏನಾಯ್ತು ಅಂತ ಗೊತ್ತಾಯ್ತಾ ಅಮ್ಮ?"

"ಗೊತ್ತಾಗದೇ ಏನು? ಹೊತ್ತಾಯ್ತು ಅಂತ ಮುಂದಕ್ಕೆ ಹಾಕಿದ್ದಾರೆ. ಮುಂದಿನ ತಾರೀಖಿಗೆ ನಮ್ಮ ಲಾಯರ್ರು ಅವನನ್ನ ಪ್ರಶ್ನೆ ಕೇಳಿ ನೀರಿಳಿಸ್ತಾರಂತೆ. ಅಲ್ವಾ?"

ಮಗಳು, "ಅಪ್ಪನ ಹತ್ರ ಮಾತಾಡಿ ಹೇಳ್ತೀನಿ," ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು.

ಆ ಸಂಜೆ ಅಮ್ಮನಿಗೆ ಪಾಳಿ ಇರಲಿಲ್ಲ, ಅಪರೂಪಕ್ಕೆ ಊಟಕ್ಕೆ ಎಲ್ಲರೂ ಇದ್ದರು. ಮಗಳಿಗೆ ತಾಳ್ಮೆ ಇರಲಿಲ್ಲ. ಮೊಟ್ಟೆ ಸುಲಿಯುತ್ತಲೇ ಕೇಳಿದಳು, "ಅಪ್ಪ, ಇವತ್ತು ಪಾಟೀಸವಾಲು ಯಾಕೆ ಬಿಟ್ರಿ?"

"ಎಲ್ಲಿ ಬಿಟ್ಟೆ? ಮುಂದಿನ ತಾರೀಖಿಗೆ ಇಟ್ಟಿದ್ದಾರೆ."

"ಇಲ್ಲ ಅಪ್ಪ. ಇಲ್ಲ ಅಂತ ಬರ್ಕೊಳ್ಳಲಾ ಅಂತ ಕೇಳಿದ್ರು. ನೀವು ಆಗಲಿ ಅಂದ್ರಿ."

"ಮೂವತ್ತು ವರ್ಷದಿಂದ ನಿಂತಿರೋನಿಗೆ ಜಡ್ಜು ಏನು ಕೇಳಿದ್ರು ಅಂತ ನೀನು ಹೇಳಿಕೊಡ್ತೀಯಾ?"

"ನಿಮಗೆ ಕೇಳಿಸ್ಲಿಲ್ಲ ಅಪ್ಪ."

ವಕೀಲರ ಮುಖ ಕೆಂಪೇರಿತು. "ಓಹೋ. ಊರವರ ಮೇಲಾಯ್ತು, ಈಗ ನನ್ನ ಮೇಲೇ ಸಂಶೋಧನೆಯಾ? ಬರ್ಕೋ. ಚೆನ್ನಾಗಿ ಬರ್ಕೋ. ಅಪ್ಪನ ಮರ್ಯಾದೆ ತೆಗೆದು ಪದವಿ ತಗೋ."

ಅವರು ತಟ್ಟೆ ಎತ್ತಿಕೊಂಡು ಮುಂದಿನ ಕೋಣೆಗೆ ಹೋದರು. ಅಲ್ಲಿ ಫೈಲುಗಳ ನಡುವೆ ಜಾಗ ಮಾಡಿಕೊಂಡು ಉಂಡರು. ಮರುದಿನವೂ ಅಲ್ಲೇ ಉಂಡರು. ಆಮೇಲೆ ಅದೇ ರೂಢಿಯಾಯಿತು. ಅಮ್ಮ ಪಾಳಿಗೆ ಹೋಗುವ ಮೊದಲು ಒಂದು ತಟ್ಟೆಯನ್ನು ಮುಚ್ಚಿ ಅಲ್ಲಿಟ್ಟು ಹೋಗುತ್ತಿದ್ದಳು.

"ಊಟದ ಹೊತ್ತಲ್ಲಿ ಹೇಳೋ ಮಾತಾ ಅದು?" ಎಂದು ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಗಳನ್ನು ಹಿಡಿದಳು.

"ನಿನಗೆ ಗೊತ್ತಿತ್ತಾ?"

"ಮೂರು ವರ್ಷದ ಮೇಲಾಯ್ತು. ಫೋನ್ ಬಂದ್ರೆ ನಾನೇ ತಗೊಂಡು, ಆಮೇಲೆ ಎದುರು ನಿಂತು ಹೇಳ್ತೀನಿ. ಎಡಗಡೆ ಕಿವಿ ಹೋದಂಗೇ, ಬಲಗಡೆನೂ ಅಷ್ಟಕ್ಕಷ್ಟೇ. ನಮ್ಮ ಆಸ್ಪತ್ರೆಗೆ ಬನ್ನಿ, ಒಂದು ಸಲ ತೋರಿಸೋಣ ಅಂದ್ರೆ ನನ್ನ ಮೇಲೇ ರೇಗ್ತಾರೆ."

ಮಗಳು ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತಳು. ಪಕ್ಕದಲ್ಲಿ ಒಬ್ಬರು ಬೇಕು ಎಂದು ಅಪ್ಪ ಹಟ ಹಿಡಿದದ್ದು ಯಾಕೆಂದು ಅವಳಿಗೆ ಆಗ ಅರ್ಥವಾಯಿತು. ಎರಡು ವರ್ಷ ಜಡ್ಜು ಹೇಳಿದ್ದನ್ನೆಲ್ಲ ತಾನೇ ಅಪ್ಪನ ಕಿವಿಯ ಹತ್ತಿರ ಮತ್ತೆ ಹೇಳುತ್ತಿದ್ದಳು. ಜೂನಿಯರ್ ಎಂದರೆ ಅದೇ ಕೆಲಸವೆಂದುಕೊಂಡಿದ್ದಳು.

"ಒಂದು ಮಾತು ಹೇಳಿದ್ರೆ ನಾನು ಹೋಗ್ತಾನೇ ಇರಲಿಲ್ಲವಲ್ಲಮ್ಮ."

"ಅದಕ್ಕೇ ಹೇಳಲಿಲ್ಲ," ಎಂದಳು ಅಮ್ಮ. "ಹಿಂಡು, ನೀರು ಸೋರ್ತಿದೆ."

ಮಗಳು ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳು. ಕೋರ್ಸು ಬಿಡಬೇಕೆಂದಿದ್ದೇನೆ ಎಂದೂ ಹೇಳಿದಳು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

"ನಿಮ್ಮ ತಂದೆ ಕೇಸು ನಡೆದ ಭಾಗವನ್ನ ಬಿಟ್ಟುಬಿಡಿ. ಮನೆಯವರ ವಿಷಯ, ಹಾಗಾಗಿ ಬಿಟ್ಟಿದ್ದೀನಿ ಅಂತ ಒಂದು ಸಾಲು ಬರೀರಿ, ಸಾಕು. ಕೋರ್ಸು ಬಿಡೋ ಮಾತು ಮನೇಲಿ ಒಮ್ಮೆ ಆಡಿ ನೋಡಿ, ಆಮೇಲೆ ನನಗೆ ಹೇಳಿ."

ಇತ್ತ ವಕೀಲರು ಯಾರಿಗೂ ಹೇಳದೆ ಗುಮಾಸ್ತರನ್ನು ಕಳಿಸಿ ಆ ದಿನದ ನಡಾವಳಿಯ ನಕಲು ತರಿಸಿದ್ದರು. ಮಗಳು ಹೇಳಿದ್ದೇ ಅದರಲ್ಲಿತ್ತು. ಒಂದು ಸಂಜೆ ಮುಂದಿನ ಕೋಣೆಯಿಂದ ಕೂಗು ಬಂತು.

"ಪಾಯಿಂಟಮ್ಮ, ಬಾ ಇಲ್ಲಿ."

ಅವಳು ಹೋದಳು. ಅಪ್ಪ ಒಂದು ಅರ್ಜಿಯ ಕರಡನ್ನು ಅವಳ ಕೈಗೆ ಕೊಟ್ಟರು. ಸಾಕ್ಷಿಯನ್ನು ಮತ್ತೆ ಕರೆಸಿ ಪಾಟೀಸವಾಲಿಗೆ ಅವಕಾಶ ಕೊಡಬೇಕು, ಅಂದು ವಕೀಲರಿಗೆ ಅನಾರೋಗ್ಯವಿತ್ತು, ಎಂದು ಬರೆದಿತ್ತು.

"ಎದುರಿನವರು ಬಿಡಲ್ಲ ಅಪ್ಪ. ಹುಷಾರಿಲ್ಲದೋರು ಮಧ್ಯಾಹ್ನ ಕೆಳಗಿನ ಹಾಲಲ್ಲಿ ಒಂದು ಗಂಟೆ ವಾದ ಮಾಡಿದ್ದಾರೆ ಅಂತಾರೆ."

"ಗೊತ್ತು."

"ನಿಜ ಬರೆದ್ರೆ ಜಡ್ಜು ಒಪ್ತಾರೆ."

"ನಿಜ ಬರೆದ್ರೆ ನಾಳೆಯಿಂದ ಈ ಆಫೀಸಿನ ಬೆಂಚಲ್ಲಿ ಯಾರು ಕೂತ್ಕೋತಾರೆ? ಕಿವುಡ ವಕೀಲನ ಹತ್ರ ಬರ್ತಾರಾ?"

"ನಾನು ಕೋರ್ಸು ಬಿಟ್ಟು ಬರ್ತೀನಿ ಅಪ್ಪ. ಮೊದಲಿನ ಹಾಗೇ ಪಕ್ಕದಲ್ಲಿ ನಿಲ್ತೀನಿ."

"ಬಾಯಿ ಮುಚ್ಚು!" ವಕೀಲರು ಮೇಜು ಗುದ್ದಿದರು. "ನನ್ನ ಕಿವಿಗೋಸ್ಕರ ನೀನು ಓದು ಬಿಡೋದಾದ್ರೆ ನಾನು ಆ ಕರಿಕೋಟನ್ನೇ ಬಿಡ್ತೀನಿ. ಬೇಡ ಅಂತ ಜಗಳ ಆಡಿದ್ದು ತಪ್ಪು. ಹೆದರಿಕೆಗೆ ಆಡಿದೆ. ಸೀಟು ಕಷ್ಟಪಟ್ಟು ತಗೊಂಡಿದ್ದೀಯ, ಓದು."

ಆಮೇಲೆ ವಕೀಲರೇ ಮೆಲ್ಲಗೆ ಹೇಳಿದರು, "ಆಯಮ್ಮನ ಅಂಗಡಿ ಹೋಗುತ್ತೆ ಅನ್ನೋದು ಗೊತ್ತು. ಆದ್ರೆ ಎಲ್ಲರೆದುರು ನಿಂತು ಹೇಳೋದು... ಆ ಎದುರು ವಕೀಲ ಇದಾನಲ್ಲ, ನಗ್ತಾನೆ ಅವನು."

ಒಳಗಿನ ಕೋಣೆಯಿಂದ ಅಜ್ಜಿಯ ದನಿ ಬಂತು. ಎಂಬತ್ತು ದಾಟಿದರೂ ಅವಳ ಕಿವಿಗೆ ಪಿನ್ನು ಬಿದ್ದರೂ ಕೇಳಿಸುತ್ತಿತ್ತು. "ನಗ್ಲಿ ಬಿಡೋ! ನಿನಗೆ ಹೇಗಿದ್ರೂ ಕೇಳ್ಸಲ್ವಲ್ಲ!"

ಅಷ್ಟು ಗಟ್ಟಿಯಾಗಿ ಕೂಗಿದ್ದರಿಂದ ವಕೀಲರಿಗೆ ಅದು ಪೂರ್ತಿ ಕೇಳಿಸಿತು. ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಗತೊಡಗಿದರು. ಮಗಳೂ ನಕ್ಕಳು. ಆವತ್ತು ಅವರು ಕರಡಿನಲ್ಲಿದ್ದ ಅನಾರೋಗ್ಯದ ಸಾಲನ್ನು ಹೊಡೆದುಹಾಕಿ, ಒಳಗೆ ಬಂದು ಮೇಜಿನಲ್ಲಿ ಕೂತು ಉಂಡರು.

ಅರ್ಜಿ ವಿಚಾರಣೆಗೆ ಬಂದ ದಿನ ಮಗಳು ಪೆನ್ನು ಹೊರತೆಗೆಯದೆ ಹಿಂದಿನ ಬೆಂಚಿನಲ್ಲಿ ಕೂತಳು. ಆಸ್ಪತ್ರೆಗೆ ರಜೆ ಹಾಕಿ ಅಮ್ಮನೂ ಬಂದಿದ್ದಳು. ಎದುರು ವಕೀಲರು ಎದ್ದು, ಅಂದು ಇವರೇ ನಿಂತು ಆಗಲಿ ಎಂದಿದ್ದಾರೆ, ಈಗ ಮಾತು ತಿರುಗಿಸುತ್ತಿದ್ದಾರೆ ಎಂದು ಆಕ್ಷೇಪಿಸಿದರು. ಅವರು ಮುಗಿಸಿದ್ದು ಅವರ ಬಾಯಿ ಮುಚ್ಚಿದ್ದರಿಂದಲೇ ಅಪ್ಪನಿಗೆ ತಿಳಿದಿರಬೇಕು. ಅವರು ಎದ್ದರು.

"ಸ್ವಾಮಿ, ನನಗೆ ಕಿವಿ ಸರಿಯಾಗಿ ಕೇಳಿಸಲ್ಲ. ಅಂದು ತಾವು ಕೇಳಿದ್ದು ಒಂದು, ನಾನು ತಿಳ್ಕೊಂಡದ್ದು ಇನ್ನೊಂದು. ಅದನ್ನ ಮುಚ್ಚಿಟ್ಟದ್ದು ನನ್ನ ತಪ್ಪು. ನನ್ನ ಕಕ್ಷಿದಾರಳದ್ದು ಏನೂ ತಪ್ಪಿಲ್ಲ. ನನ್ನ ಕಿವಿಗೋಸ್ಕರ ಆಕೆ ಅಂಗಡಿ ಕಳ್ಕೋಬಾರದು."

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಮ್ಮ ಮಗಳ ಕೈ ಹಿಡಿದುಕೊಂಡಳು. ನ್ಯಾಯಾಧೀಶರು ಮೊದಲ ಬಾರಿಗೆ ಕಾಗದದಿಂದ ಕಣ್ಣೆತ್ತಿ ವಕೀಲರನ್ನು ನೇರವಾಗಿ ನೋಡಿದರು. ಜವಾನನನ್ನು ಕರೆದು ಫ್ಯಾನು ಆರಿಸಲು ಹೇಳಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಇಡೀ ಹಾಲು ತುಂಬುವಂತೆ ಕೇಳಿದರು.

"ಈಗ ಕೇಳಿಸ್ತಿದೆಯಾ ವಕೀಲರೇ?"

"ಕೇಳಿಸ್ತಿದೆ ಸ್ವಾಮಿ."

"ಅರ್ಜಿ ಒಪ್ಪಿದ್ದೀನಿ. ಮುಂದಿನ ತಾರೀಖಿಗೆ ಮಾಲೀಕರು ಮತ್ತೆ ಬರಬೇಕು, ನೀವು ಪ್ರಶ್ನೆ ಕೇಳಬೇಕು. ಇನ್ನೊಂದು ತಾರೀಖು ಕೊಡಲ್ಲ. ತಿಳೀತಾ?"

"ತಿಳೀತು ಸ್ವಾಮಿ," ಎಂದರು ವಕೀಲರು. ಹಿಂದಿನ ಬೆಂಚಿನಿಂದ ಇಸ್ತ್ರಿ ಅಂಗಡಿಯಾಕೆಯೂ, "ತಿಳೀತು," ಎಂದುಬಿಟ್ಟಳು. ನ್ಯಾಯಾಧೀಶರು ಆಕೆಯನ್ನೂ ನೋಡಿದರು.

ಫ್ಯಾನು ಆರಿದ್ದು ಹಾಗೇ ಉಳಿಯಿತು, ದನಿ ಏರಿದ್ದೂ ಹಾಗೇ ಉಳಿಯಿತು. ಆಮೇಲೆ ಬಂದ ಕೇಸುಗಳಲ್ಲೂ ಎಲ್ಲರೂ ಬೆವರುತ್ತ ಗಟ್ಟಿಯಾಗಿ ಮಾತಾಡಿದರು. ಅಪ್ಪನ ಕೇಸು ಮುಗಿದ ಮೇಲೆ ಮಗಳು ಪೆನ್ನು ತೆಗೆದಳು. ಓಣಿಯಲ್ಲಿ ನಿಂತು, ಬೇರೆ ಕೇಸುಗಳಿಂದ ಹೊರಬಂದವರನ್ನು ಎಂದಿನಂತೆ ಕೇಳಿದಳು. ಒಬ್ಬ ಕಟ್ಟಡ ಕೆಲಸದವನು ತನ್ನ ಕೇಸಿನಲ್ಲಿ ನಡೆದದ್ದನ್ನು ಒಂದೂ ಬಿಡದೆ ಹೇಳಿದ.

"ಇದೆಲ್ಲ ನಿಮ್ಮ ವಕೀಲರು ಹೇಳಿದ್ರಾ?" ಎಂದು ಕೇಳಿದಳು ಮಗಳು.

"ಅವರು ಯಾಕೆ ಹೇಳ್ಬೇಕು? ಇವತ್ತು ನಂಗೇ ಕೇಳಿಸ್ತಲ್ಲ."

ಅವನ ಹಿಂದೆ ಬಂದವಳೂ ಹಾಗೇ ಅಂದಳು. ಮಗಳು ಬರೆದುಕೊಳ್ಳುತ್ತಲೇ ಹೋದಳು. ಮರುವಾರ ಅದನ್ನು ಓದಿದ ಮೇಡಂ, ಅವಳು ಕಂಡಂತೆ ಮೊದಲ ಸಲ, ಸ್ವಲ್ಪ ನಕ್ಕರು. "ನಿಮ್ಮ ಪ್ರಬಂಧ ಇಲ್ಲಿಂದ ಶುರುವಾಗುತ್ತೆ," ಎಂದರು.

ಎಲ್ಲವೂ ಸುಖವಾಗಿ ಮುಗಿಯಿತೆಂದಲ್ಲ. ಸುದ್ದಿ ಹಬ್ಬಿ ಕೆಲವು ಹಳೆಯ ಕಕ್ಷಿದಾರರು ನೆಪ ಹೇಳಿ ಫೈಲು ಎತ್ತಿಕೊಂಡು ಹೋದರು. ಒಬ್ಬರಂತೂ ವಕೀಲರ ಎದುರು ಕೂತೇ ಗುಮಾಸ್ತರ ಹತ್ತಿರ, ಇವರಿಗೆ ಇನ್ನು ವಿಶ್ರಾಂತಿ ಬೇಕು ಎಂದರು. ಮನೆಯಲ್ಲಿ ಮೀನಿನ ಬದಲು ಮೊಟ್ಟೆ, ಮೊಟ್ಟೆಯ ಬದಲು ಬೇಳೆ ಬರತೊಡಗಿತು. ವಕೀಲರು ಅಮ್ಮನ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಲಗಿವಿಗೆ ಯಂತ್ರ ಹಾಕಿಸಿಕೊಂಡರು. ಮೊದಲ ವಾರ ಅದರೊಡನೆ ಜಗಳವಾಡಿದರು. ಹೆಂಡತಿ ಪಾತ್ರೆ ಇಟ್ಟರೆ ಬಾಂಬು ಬಿದ್ದಂತಾಗುತ್ತದೆ ಎಂದು ಕೂಗಾಡಿದರು. "ಇಷ್ಟು ದಿನ ನಾವು ಕೇಳಿಸ್ಕೊಂಡಿಲ್ವಾ?" ಎಂದಳು ಅಮ್ಮ.

ಇಸ್ತ್ರಿ ಅಂಗಡಿಯ ಮಾಲೀಕ ಪಾಟೀಸವಾಲಿನಲ್ಲಿ ಬೆವತುಹೋದ. ವ್ಯಾಪಾರ ಮಾಡಬೇಕಾದ ಮಗ ಆಗಲೇ ಬೇರೆ ಬೀದಿಯಲ್ಲಿ ಅಂಗಡಿ ಇಟ್ಟಿರುವುದು ಅವನ ಬಾಯಿಂದಲೇ ಹೊರಬಿತ್ತು. ತೀರ್ಪು ಇನ್ನೂ ಬಂದಿಲ್ಲ. ಆಕೆ ಅದೇ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದಾಳೆ.

ಪ್ರಬಂಧದ ಮೊದಲ ಅಧ್ಯಾಯ ತಯಾರಾಗುವ ಹೊತ್ತಿಗೆ ಒಂದು ಶನಿವಾರ, ಆಗಷ್ಟೇ ಕಾನೂನು ಪಾಸಾದ ಹುಡುಗಿಯೊಬ್ಬಳು ಜೂನಿಯರ್ ಕೆಲಸ ಕೇಳಿಕೊಂಡು ಬಂದಳು. ವಕೀಲರು ಮುಂದಿನ ಕೋಣೆಯಲ್ಲಿ ಅವಳನ್ನು ಕೂರಿಸಿಕೊಂಡು ಅದೂ ಇದೂ ಕೇಳಿದರು. ಮಗಳು ಒಳಗೆ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತಿದ್ದಳು, ಅಮ್ಮ ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದಳು. ಬಾಗಿಲು ತೆರೆದೇ ಇತ್ತು.

"ಕೆಲಸ ಆಮೇಲೆ ಹೇಳ್ತೀನಿ," ಎನ್ನುತ್ತಿದ್ದರು ವಕೀಲರು. "ಮೊದಲು ಒಂದು ವಿಷಯ ತಿಳ್ಕೊಳಮ್ಮ. ನನಗೆ ಎಡಗಿವಿ ಇಲ್ಲ. ಬಲಗಿವೀಲಿ ಯಂತ್ರ ಇದೆ, ಅದೂ ಒಂದೊಂದು ಸಲ ಕೈ ಕೊಡುತ್ತೆ. ಕೋರ್ಟಲ್ಲಿ ನನ್ನ ಬಲಗಡೆ ನಿಲ್ಲು. ಜಡ್ಜು ಹೇಳಿದ್ದು ಕೇಳಿಸದಿದ್ರೆ ನಿನ್ನನ್ನ ಕೇಳ್ತೀನಿ, ಎಲ್ಲರೆದುರೇ ಕೇಳ್ತೀನಿ. ಅದಕ್ಕೆ ನಾನು ನಾಚ್ಕೊಳಲ್ಲ, ನೀನೂ ನಾಚ್ಕೋಬೇಡ."

ಹುಡುಗಿ ಏನೋ ಮೆಲ್ಲಗೆ ಹೇಳಿದಳು.

"ಜೋರಾಗಿ," ಎಂದರು ವಕೀಲರು.

"ಆಗಲಿ ಸಾರ್!"

ಒಳಗೆ ಅಮ್ಮ ಮಡಚುತ್ತಿದ್ದ ಅಂಗಿಯನ್ನು ಎದೆಗೆ ಹಿಡಿದುಕೊಂಡು ಹಾಗೇ ನಿಂತಿದ್ದಳು. ಮಗಳು ತಲೆಯೆತ್ತಿ ನೋಡಿದಾಗ ಕಣ್ಣೊರೆಸಿಕೊಂಡು, ಆ ಅಂಗಿಯನ್ನು ಮೊದಲಿನಿಂದ ಮಡಚತೊಡಗಿದಳು.

"ಬರಿ, ಬರಿ," ಎಂದಳು. "ಅಡುಗೆ ಇವತ್ತು ನಾನು ಮಾಡ್ತೀನಿ."